ಹಗೇವು: ಬರದ ಮುನ್ನೆಚ್ಚರಿಕೆ ಮತ್ತು ಅದರ ಮಿತಿ

ಹಳೆಯ ಮೈಸೂರು ಸೀಮೆಯ ಒಕ್ಕಲು ಮನೆತನಗಳು ಬರಗಾಲಕ್ಕೆಂದು ಕಾಪಿಟ್ಟ ಆಸರೆ ಹಗೇವು. ನೆಲದಲ್ಲಿ ತೋಡಿದ ಈ ಕಣಜಕ್ಕೆ ಹುಲ್ಲು ಹೊದಿಸಿ, ರಾಗಿ ತುಂಬಿ, ಬಾಯಿಗೆ ಚಪ್ಪಡಿಯಿಟ್ಟು ಮಣ್ಣು ಮೆತ್ತುತ್ತಿದ್ದರು. ತೇವ ಸೋಕದ ರಾಗಿ ಹಲವು ವರ್ಷ ಕೆಡುತ್ತಿರಲಿಲ್ಲ. ಇಲ್ಲದವರಿಗೆ ಕಾಳನ್ನು ಕಡವಾಗಿ ಅಳೆದುಕೊಡುತ್ತಿದ್ದುದೂ ಇದರಿಂದಲೇ.

1876-78ರ ಧಾತು-ಈಶ್ವರ ಸಂವತ್ಸರಗಳ ಬರವು ಈ ಏರ್ಪಾಡಿನ ಮಿತಿಯನ್ನು ತೋರಿಸಿತು. 1875ರಲ್ಲೇ ಬೆಳೆ ಕುಗ್ಗಿತ್ತು. ಮರುವರ್ಷವೂ ಮಳೆ ಕೈಕೊಟ್ಟಾಗ ಸಂಗ್ರಹ ಸಾಲದಾಯಿತು. 1871ರ ಜನಗಣತಿಯಲ್ಲಿ 50 ಲಕ್ಷ ಮೀರಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಉಳ್ಳವರ ಹಗೇವು ಬತ್ತಿದಾಗ ಇಲ್ಲದವರಿಗೆ ಕಡವೂ ಹುಟ್ಟುವುದಿಲ್ಲ. ಆದ್ದರಿಂದ ಹಗೇವನ್ನು ಜನಪದರ ಜಾಣ್ಮೆಯೆಂದು ಕೊಂಡಾಡಿದರಷ್ಟೇ ಸಾಲದು. ಅದು ಯಾರ ಅಂಗಳದಲ್ಲಿತ್ತು ಎಂಬುದನ್ನೂ ಜಾನಪದ ಅಧ್ಯಯನ ಕೇಳಬೇಕು.