ನೆಲ ನೋಡಿ ಚೆಂಡು: ನಮ್ಮ ಎರೆಭೂಮಿಗೆ ಯಾವ ಬಾಲ್?

ಊರಿನ ಟೂರ್ನಮೆಂಟಿಗೆ ಬ್ಯಾನರ್ ಕಟ್ಟುವ ಹೊತ್ತಿಗೆ ಮೊದಲ ಜಗಳ ಏಳುವುದು ಬಹುಮಾನದ ಮೇಲಲ್ಲ, ಬಾಲಿನ ಮೇಲೆ. ಒಬ್ಬ ಟೆನಿಸ್ ಬಾಲ್ ಅಂತಾನೆ, ಇನ್ನೊಬ್ಬ ಹೆವಿ ಟೆನಿಸ್ ಅಂತಾನೆ. ಹುಬ್ಬಳ್ಳಿಗೆ ಕೋಚಿಂಗಿಗೆ ಹೋಗಿಬಂದ ಹುಡುಗ ಮಾತ್ರ ಲೆದರ್ ಬಾಲೇ ಆಗಬೇಕು ಅಂತ ಪಟ್ಟು ಹಿಡಿಯುತ್ತಾನೆ. ಬಾಲನ್ನು ಆಟಗಾರ ಆರಿಸುತ್ತಾನೆ ಅಂತ ನಾವು ತಿಳಿದಿರುತ್ತೇವೆ. ಹಳೆಯದನ್ನು ಕೆದಕಿದರೆ, ಹೆಚ್ಚಿನ ಸಲ ಆರಿಸಿದ್ದು ನೆಲ.

ಇದು ಚೆನ್ನಾಗಿ ಕಾಣುವುದು ನಮ್ಮಲ್ಲಿ ಬಹಳ ಮಂದಿ ಟಿವಿಯಲ್ಲಷ್ಟೇ ನೋಡಿರುವ ಗಾಲ್ಫ್ ಆಟದಲ್ಲಿ. ಬ್ರಿಟಿಷರು ಅದನ್ನು 1829ರಲ್ಲಿ ಕೋಲ್ಕತ್ತಕ್ಕೆ, 1876ರಲ್ಲಿ ಬೆಂಗಳೂರಿಗೆ ತಂದರು. ಮೊದಮೊದಲು ಗಾಲ್ಫ್ ಚೆಂಡೆಂದರೆ ಹಕ್ಕಿಯ ಪುಕ್ಕ ತುಂಬಿ ಹೊಲಿದ ಚರ್ಮದ ಗುಂಡು. ಒದ್ದೆಯಾದರೆ ಮುಗಿಯಿತು. 1848ರ ಸುಮಾರಿಗೆ ಮಲಯಾ ಕಡೆಯ ಗಟ್ಟಾ ಪರ್ಚಾ ಎಂಬ ಮರದ ಅಂಟಿನಿಂದ ಚೆಂಡು ಮಾಡಲು ಶುರು ಮಾಡಿದರು. ಸ್ಕಾಟ್ಲೆಂಡಿನ ಪಾದ್ರಿಯೊಬ್ಬರ ಮನೆಗೆ ವಿಷ್ಣುವಿನ ಮೂರ್ತಿಯೊಂದು ಬಂದಿತ್ತು, ಒಡೆಯಬಾರದೆಂದು ಅದರ ಸುತ್ತ ಈ ಅಂಟಿನ ಚೂರು ತುಂಬಿದ್ದರು, ಆ ಚೂರುಗಳಿಂದಲೇ ಮನೆಯ ಹುಡುಗ ಮೊದಲ ಚೆಂಡು ಮಾಡಿದ ಅಂತ ಅಲ್ಲಿ ಒಂದು ಕಥೆ ಹೇಳುತ್ತಾರೆ. ಕಥೆ ನಿಜವೋ ಸುಳ್ಳೋ, ಕೇಳಲು ಚಂದ.

ಹೊಸ ನುಣುಪಾದ ಚೆಂಡು ಸರಿಯಾಗಿ ಹಾರುತ್ತಿರಲಿಲ್ಲ. ಕೋಲಿನ ಏಟು ತಿಂದು ಗೀರು ಬಿದ್ದ ಹಳೆಯ ಚೆಂಡೇ ದೂರ ಹೋಗುತ್ತಿತ್ತು. ಅದನ್ನು ಕಂಡವರು ಸುತ್ತಿಗೆಯಿಂದ ತಾವೇ ಗುರುತು ಹೊಡೆಯತೊಡಗಿದರು. ಇವತ್ತಿನ ಗಾಲ್ಫ್ ಚೆಂಡಿನ ಮೈತುಂಬ ಇರುವ ಸಣ್ಣ ಕುಳಿಗಳ ಮೂಲ ಅದು. ಅಳತೆಯಲ್ಲೂ ಎರಡು ದಾರಿ ಇದ್ದವು. ಕಡಲ ಗಾಳಿ ಬೀಸುವ ಬ್ರಿಟನ್ನಿನ ಮೈದಾನಗಳಲ್ಲಿ 1.62 ಇಂಚಿನ ಸಣ್ಣ ಚೆಂಡು ನಡೆಯುತ್ತಿತ್ತು, ಅಮೆರಿಕದಲ್ಲಿ 1.68 ಇಂಚಿನದು. ಸಣ್ಣದು ನಿಯಮದಿಂದ ಪೂರ್ತಿ ಹೊರಬಿದ್ದದ್ದು 1990ರಲ್ಲಿ.

ಕ್ರಿಕೆಟ್ಟಿನಲ್ಲಿ ಈ ಭೇದ ಇನ್ನೂ ಉಳಿದಿದೆ. ಟೆಸ್ಟ್ ಆಟಕ್ಕೆ ಇಂಗ್ಲೆಂಡಿನಲ್ಲಿ ಡ್ಯೂಕ್ಸ್, ಆಸ್ಟ್ರೇಲಿಯಾದಲ್ಲಿ ಕೂಕಬುರಾ, ನಮ್ಮಲ್ಲಿ ಎಸ್‌ಜಿ. ತಂಪು ಹವೆ, ಹಸಿರು ಹುಲ್ಲಿನಲ್ಲಿ ಡ್ಯೂಕ್ಸ್ ಬಹಳ ಹೊತ್ತು ಸ್ವಿಂಗ್ ಆಗುತ್ತದೆ. ನಮ್ಮ ಒಣ ನೆಲ ಬಾಲಿನ ಹೊಳಪನ್ನು ಬೇಗ ಉಜ್ಜಿಹಾಕುತ್ತದೆ, ಆದರೆ ಕೈಯಿಂದ ಹೊಲಿದ ಎಸ್‌ಜಿಯ ಉಬ್ಬು ಹೊಲಿಗೆ ಬೇಗ ಕೂರುವುದಿಲ್ಲ. ಸ್ಪಿನ್ನರ್ ಬೆರಳಿಗೆ ಬೇಕಾದದ್ದು ಅದೇ ಹೊಲಿಗೆ. ಆ ಕಂಪನಿ 1931ರಲ್ಲಿ ಸಿಯಾಲ್‌ಕೋಟಿನಲ್ಲಿ ಹುಟ್ಟಿದ್ದು. ದೇಶ ವಿಭಜನೆಯಾದಾಗ ಅಲ್ಲಿನ ಎಷ್ಟೋ ಕಸುಬುದಾರರು ಊರು ಬಿಟ್ಟು ಜಲಂಧರ್, ಮೀರತ್ ಸೇರಿದರು. ನಮ್ಮ ಅಂಗಡಿಗಳಿಗೆ ಇಂದಿಗೂ ಬಾಲು, ಪ್ಯಾಡು ಬರುವುದು ಹೆಚ್ಚಾಗಿ ಆ ಎರಡು ಊರುಗಳಿಂದ.

ಇನ್ನು ನಮ್ಮ ನೆಲ. ಧಾರವಾಡದ ಪಶ್ಚಿಮಕ್ಕೆ ಕೆಂಪು ಮಸಾರಿ, ಹುಬ್ಬಳ್ಳಿ ದಾಟಿ ನವಲಗುಂದ, ಗದಗದ ಕಡೆ ಕಪ್ಪು ಎರೆ. ಎರೆ ಮಳೆಗಾಲದಲ್ಲಿ ಕಾಲು ಬಿಡುವುದಿಲ್ಲ, ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರಿಯುತ್ತದೆ. ರಾಶಿ ಮುಗಿದ ಮೇಲಿನ ಕಣ, ಶಾಲೆ ಅಂಗಳ, ಕೆರೆಯ ಒಣ ದಂಡೆ, ಗರಸು ಹಾಕಿದ ಸೈಟು, ಇವೇ ನಮ್ಮ ಸ್ಟೇಡಿಯಂ. ಅಂಥ ಕಡೆ ಸುಮಾರು 160 ಗ್ರಾಂ ತೂಗುವ ಲೆದರ್ ಬಾಲ್ ಬಿರುಕಿಗೆ ತಾಗಿ ಎತ್ತ ಚಿಮ್ಮುತ್ತದೋ ದೇವರೇ ಬಲ್ಲ. ಗರಸಿನ ಮೇಲಾದರೆ ಕೆಲವೇ ಓವರಿನಲ್ಲಿ ಚರ್ಮ ಕಿತ್ತು ಬರುತ್ತದೆ. ಟೆನಿಸ್ ಬಾಲಿನ ತೂಕ 60 ಗ್ರಾಂ ಒಳಗೆ. ಪ್ಯಾಡು, ಹೆಲ್ಮೆಟ್ ಇಲ್ಲದೆ ಹನ್ನೊಂದು ಮಂದಿ ಆಡಬಹುದು. ಬಡತನಕ್ಕೆ ಟೆನಿಸ್ ಬಾಲ್ ಅಂತ ಹೇಳುವುದುಂಟು. ಅದು ಅರ್ಧ ಮಾತು, ಉಳಿದರ್ಧ ನೆಲದ್ದು. ಕರಾಚಿಯ ಗಲ್ಲಿ ಹುಡುಗರು ಅದೇ ಟೆನಿಸ್ ಬಾಲಿಗೆ ಟೇಪ್ ಸುತ್ತಿ ಸ್ವಿಂಗ್ ಮಾಡಲು ಕಲಿತರು.

ಕಷ್ಟ ಬರುವುದು ಸೆಲೆಕ್ಷನ್ ದಿನ. ಅಲ್ಲಿ ಲೆದರ್ ಬಾಲ್. ಟೆನಿಸ್ ಬಾಲಿಗೆ ಬ್ಯಾಟ್ ಬೀಸಿ ಬೆಳೆದವನಿಗೆ ಆ ಬಾಲು ಬರುವ ವೇಗ, ಏಳುವ ಎತ್ತರ ಎರಡೂ ಹೊಸದು. ಹೊಲಿಗೆ ಹಿಡಿಯುವುದು ಹೇಗೆಂದು ಬೌಲರನಿಗೂ ಗೊತ್ತಿರುವುದಿಲ್ಲ. ಗದಗದ ಸುನಿಲ್ ಜೋಶಿ ಹುಡುಗರಾಗಿದ್ದಾಗ ನಸುಕಿನಲ್ಲೇ ಹೊರಟು ಸುಮಾರು 60 ಕಿ.ಮೀ. ದೂರದ ಹುಬ್ಬಳ್ಳಿಗೆ ಬಂದು ಪ್ರಾಕ್ಟೀಸ್ ಮಾಡಿ, ಮತ್ತೆ ಶಾಲೆಗೆ ಗದಗಕ್ಕೆ ಮರಳುತ್ತಿದ್ದರು. 1999ರಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕಾ ವಿರುದ್ಧ 10 ಓವರಿಗೆ ಬರೀ 6 ರನ್ ಕೊಟ್ಟು 5 ವಿಕೆಟ್ ಕಿತ್ತವರು ಅವರೇ. ಎಡಗೈ ಸ್ಪಿನ್ ರಬ್ಬರ್ ಬಾಲಿನಿಂದ ಅಷ್ಟು ಹದಕ್ಕೆ ಬರುವುದಿಲ್ಲ ಎನ್ನುವುದು ನಮ್ಮ ಎಣಿಕೆ. ಹುಬ್ಬಳ್ಳಿಯ ರಾಜನಗರ ಮೈದಾನಕ್ಕೆ 2012ರಲ್ಲಿ ರಣಜಿ ಪಂದ್ಯವೇ ಬಂತು. ಆದರೆ ಅಣ್ಣಿಗೇರಿಯ, ಕುಂದಗೋಳದ ಹುಡುಗನಿಗೆ ಬಸ್ಸಿನ ದೂರ ಹಾಗೇ ಇದೆ.

ಹಾಗಾದರೆ ಊರಲ್ಲಿ ಏನು ಕೊಳ್ಳಬೇಕು? ಬಿರುಕಿನ ನೆಲಕ್ಕೆ ಟೆನಿಸ್ ಬಾಲೇ ಸರಿ. ಗಟ್ಟಿ ಮಸಾರಿಗೆ ಹೆವಿ ಟೆನಿಸ್ ನಡೆಯುತ್ತದೆ. ಕಾರ್ಕ್ ಬಾಲ್ ಅಗ್ಗ, ಬಾಳಿಕೆಯೂ ಬರುತ್ತದೆ, ಆದರೆ ಕಲ್ಲಿನ ಹಾಗೆ ಬಡಿಯುತ್ತದೆ. ಪ್ಯಾಡಿಲ್ಲದ ಮಕ್ಕಳ ಕೈಗೆ ಕೊಡಬೇಡಿ. ಸೆಲೆಕ್ಷನ್ನಿಗೆ ಹೋಗುವ ಹುಡುಗರಿದ್ದರೆ ಟೀಮಿನವರೆಲ್ಲ ಪಟ್ಟಿ ಎತ್ತಿ ಒಂದು ಮ್ಯಾಟ್ ತನ್ನಿ. ನೆಲ ಸಮ ಮಾಡಿ, ನೀರು ಹೊಡೆದು, ರೋಲರ್ ಎಳೆದು, ಮ್ಯಾಟ್ ಬಿಗಿದು ಮೊಳೆ ಹೊಡೆದರೆ ಎರೆಯ ಮೇಲೂ ಲೆದರ್ ಬಾಲ್ ಆಡಬಹುದು. ನಾಲ್ಕು ತುಂಡು ಚರ್ಮ ಹೊಲಿದ ಬಾಲನ್ನೇ ಕೇಳಿ, ಎರಡು ತುಂಡಿನದು ಬೇಗ ಆಕಾರ ಕೆಡುತ್ತದೆ. 13 ವರ್ಷದೊಳಗಿನವರಿಗೆ 133ರಿಂದ 144 ಗ್ರಾಂ ತೂಕದ ಸಣ್ಣ ಬಾಲ್ ಬೇರೆಯೇ ಬರುತ್ತದೆ, ಅಂಗಡಿಯವರು ತಾವಾಗಿ ತೋರಿಸದಿದ್ದರೆ ಕೇಳಿ ಪಡೆಯಿರಿ.