ಹಾವೇರಿ ಸೀಮೆಯ ಶಾಲಾಚರಿತ್ರೆ: ಆಕರಗಳು ಅಡಗಿರುವ ಹೆಸರುಗಳು

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಗಳ ಶಿಕ್ಷಣ ಚರಿತ್ರೆಯನ್ನು ಬರೆಯಹೊರಟ ಸಂಶೋಧನ ವಿದ್ಯಾರ್ಥಿಯು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಪ್ರೊ. ಎಸ್. ಎಸ್. ಬಸವನಾಳ ಗ್ರಂಥಾಲಯಕ್ಕೆ ಹೋಗಿ, ಗ್ರಂಥಸೂಚಿಯಲ್ಲಿ ‘ಹಾವೇರಿ ಜಿಲ್ಲೆ’ ಎಂದು ಹುಡುಕುವುದು ಸಹಜ. ಆದರೆ ಆ ಹೆಸರಿನ ಜಿಲ್ಲೆ ಹುಟ್ಟಿದ್ದೇ 1997ರಲ್ಲಿ. ಅದಕ್ಕೂ ಹಿಂದಿನ ಒಂದೂವರೆ ಶತಮಾನದ ಶಾಲೆಗಳ ವೃತ್ತಾಂತ ಬೇರೆ ಹೆಸರುಗಳ ಅಡಿಯಲ್ಲಿ ಮಲಗಿದೆ.

ಮುಂಬಯಿ ಗೆಜೆಟಿಯರಿನ 22ನೆಯ ಸಂಪುಟ (1884) ಧಾರವಾಡ ಜಿಲ್ಲೆಯದು. ಅದರ ತಾಲ್ಲೂಕುಗಳಲ್ಲಿ ರಾಣೆಬೆನ್ನೂರು ಉಂಟು. ಹಾವೇರಿಯೂ ಇಲ್ಲ, ಬ್ಯಾಡಗಿಯೂ ಇಲ್ಲ. ಹಾವೇರಿ ಅಂದು ಕರಜಗಿ ತಾಲ್ಲೂಕಿನ ಒಂದು ಪಟ್ಟಣ. ಕರಜಗಿಯ ಹೆಸರನ್ನು ಅರಿಯದವನಿಗೆ ಹಾವೇರಿಯ ಹತ್ತೊಂಬತ್ತನೆಯ ಶತಮಾನದ ಬಾಗಿಲು ತೆರೆಯದು. ಕಾಗುಣಿತದ ತೊಡಕು ಬೇರೆ: ಹಳೆಯ ಇಂಗ್ಲಿಷ್ ಗ್ರಂಥಗಳಲ್ಲಿ ಧಾರವಾಡ ‘ಧಾರವಾರ್’ ಆಗುತ್ತದೆ, ರಾಣೆಬೆನ್ನೂರು ‘ರಾಣಿಬೆನ್ನೂರ್’ ಆಗುತ್ತದೆ. ಗಣಕಯಂತ್ರ ಇದನ್ನು ಊಹಿಸಲಾರದು; ಹಳೆಯ ಗ್ರಂಥಪಾಲಕರು ಊಹಿಸುತ್ತಿದ್ದರು.

ಮುಂಬಯಿ ಪ್ರಾಂತದಲ್ಲಿ 1840ರಲ್ಲಿ ಶಿಕ್ಷಣ ಮಂಡಳಿಯೂ 1855ರಲ್ಲಿ ಸಾರ್ವಜನಿಕ ಶಿಕ್ಷಣ ಇಲಾಖೆಯೂ ಏರ್ಪಟ್ಟವು. ಇವುಗಳ ವಾರ್ಷಿಕ ವರದಿಗಳೇ ಈ ಸೀಮೆಯ ಮೊದಲ ಆಕರ. 1956ರ ನವೆಂಬರ್ 1ರವರೆಗೆ ಧಾರವಾಡ ಜಿಲ್ಲೆ ಮುಂಬಯಿಯ ಆಡಳಿತದಲ್ಲಿದ್ದುದರಿಂದ, ಶೋಧವು ಅಲ್ಲಿಯ ಎಲ್ಫಿನ್‌ಸ್ಟನ್ ಕಾಲೇಜಿನ ಕಟ್ಟಡದಲ್ಲಿರುವ ಮಹಾರಾಷ್ಟ್ರ ರಾಜ್ಯ ಪತ್ರಾಗಾರದವರೆಗೂ ಸಾಗಬೇಕಾಗುತ್ತದೆ. ಮರಾಠಿ ಬಾರದಿದ್ದರೆ ಅರ್ಧ ದಾರಿಯಲ್ಲೇ ನಿಲ್ಲಬೇಕು.

ಗ್ರಂಥಾಲಯದ ವರ್ಗೀಕರಣವೂ ಚರಿತ್ರೆಯನ್ನು ಹರಿದು ಹಂಚಿಬಿಡುತ್ತದೆ. ಡ್ಯೂಯಿ ಪದ್ಧತಿಯಲ್ಲಿ ಶಿಕ್ಷಣ 370, ಕನ್ನಡ ಸಾಹಿತ್ಯ 894.814. ಹಾವೇರಿ ಸೀಮೆಯ ಗಳಗನಾಥರು (1869–1942) ಶಾಲಾ ಶಿಕ್ಷಕರಾಗಿದ್ದವರು. ಅವರು ಕಾದಂಬರಿಕಾರರೆಂಬ ಕಾರಣಕ್ಕೆ ಸಾಹಿತ್ಯದ ಕಪಾಟಿನಲ್ಲಿದ್ದಾರೆ. ಶಾಸನಗಳ ವಿದ್ವಾಂಸರಿಗೆ ಪೂಜ್ಯವಾದ ಜೆ. ಎಫ್. ಫ್ಲೀಟರ ಹೆಸರೂ ಹಾಗೆಯೇ. ಅವರು 1872ರಲ್ಲಿ ಮುಂಬಯಿ ಪ್ರಾಂತದ ದಕ್ಷಿಣ ವಿಭಾಗದ ಶಿಕ್ಷಣಾಧಿಕಾರಿಯಾಗಿದ್ದರೆಂಬುದನ್ನು ಶಿಕ್ಷಣಶಾಸ್ತ್ರದ ವಿದ್ಯಾರ್ಥಿಗಳು ನೆನೆಯುವುದು ಅಪರೂಪ. ಅವರ ಗ್ರಂಥಗಳು ಇತಿಹಾಸದ ಕಪಾಟಿನಲ್ಲಿವೆ. ‘ಶಿಕ್ಷಣ’ ಎಂಬ ಒಂದೇ ಪದದಿಂದ ಹುಡುಕುವವನಿಗೆ ಈ ಇಬ್ಬರೂ ಸಿಗಲಾರರು.

ಇತ್ತೀಚಿನ ಪಿಎಚ್.ಡಿ. ಮಹಾಪ್ರಬಂಧಗಳು ‘ಶೋಧಗಂಗಾ’ದಲ್ಲಿ ಮನೆಯಲ್ಲೇ ಓದಲು ದೊರೆಯುತ್ತವೆ. ವಿಶ್ವವಿದ್ಯಾಲಯ ಅನುದಾನ ಆಯೋಗ ವಿದ್ಯುನ್ಮಾನ ಪ್ರತಿಯನ್ನು ಕಡ್ಡಾಯಗೊಳಿಸಿದ್ದು 2009ರಲ್ಲಿ. ಅದಕ್ಕೂ ಹಿಂದಿನವುಗಳಲ್ಲಿ ಅನೇಕವನ್ನು ಗ್ರಂಥಾಲಯದಲ್ಲಿ ಕುಳಿತೇ ಓದಬೇಕು. ಅವುಗಳ ಕೊನೆಯ ಅನುಬಂಧಗಳನ್ನು ಮೊದಲು ನೋಡುವುದು ಲೇಸು. ಪ್ರಬಂಧದ ವಾದ ಹಳತಾದರೂ ಅನುಬಂಧದ ದಾಖಲೆ ಹಳತಾಗದು.

2023ರಲ್ಲಿ ಹಾವೇರಿಗೆ ತನ್ನದೇ ವಿಶ್ವವಿದ್ಯಾಲಯ ಬಂದಿತು. ಧಾರವಾಡ, ಮುಂಬಯಿಗಳಲ್ಲಿರುವುದರ ಪ್ರತಿಯನ್ನು ಅಲ್ಲಿಗೆ ಎಂದಾದರೂ ತರಿಸಬಹುದು. ಊರಿನ ಹಳೆಯ ಕನ್ನಡ ಶಾಲೆಗಳ ದಾಖಲಾತಿ ಪುಸ್ತಕಗಳ ಮಾತು ಬೇರೆ. ಮಗುವಿನ ಜಾತಿ, ತಂದೆಯ ಕಸುಬು, ಶಾಲೆ ಬಿಟ್ಟ ಕಾರಣಗಳಂಥ ವಿವರಗಳನ್ನು ಯಾವ ವಾರ್ಷಿಕ ವರದಿಯೂ ಮಗುವಿನ ಹೆಸರು ಹಿಡಿದು ಹೇಳದು. ಇಂಥ ಪುಸ್ತಕಕ್ಕೆ ಎರಡನೆಯ ಪ್ರತಿಯಿಲ್ಲ; ಮಳೆಗಾಲದಲ್ಲಿ ಸೋರುವ ಕೊಠಡಿಯ ಬೀರುವೇ ಅದರ ಪತ್ರಾಗಾರ.