ಮಿವಾರ್ಟನ ಪ್ರಶ್ನೆ ಮತ್ತು ‘ನವೀನ’ದ ಲಕ್ಷಣ

1871ರಲ್ಲಿ ಇಂಗ್ಲೆಂಡಿನ ಕಥೋಲಿಕ ಪ್ರಾಣಿಶಾಸ್ತ್ರಜ್ಞ ಸೇಂಟ್ ಜಾರ್ಜ್ ಮಿವಾರ್ಟನು ಡಾರ್ವಿನ್ನನ ಮುಂದೆ ಒಂದು ಪ್ರಶ್ನೆಯನ್ನಿಟ್ಟನು. ತಿಮಿಂಗಿಲದ ಬಾಯೊಳಗಿನ ಜರಡಿ ಪೂರ್ಣಗೊಂಡ ಮೇಲೆ ಉಪಯುಕ್ತವೇ ಸರಿ. ಆದರೆ ಅದರ ಮೊದಲ ಮೊಳಕೆಯನ್ನು ನೈಸರ್ಗಿಕ ಆಯ್ಕೆ ಯಾವ ಉಪಯೋಗಕ್ಕಾಗಿ ಉಳಿಸೀತು? ಮರುವರ್ಷದ ಆವೃತ್ತಿಯಲ್ಲಿ ಡಾರ್ವಿನ್ನನು ಬಾತುಕೋಳಿಗಳ ಕೊಕ್ಕಿನೊಳಗಿನ ಪಟ್ಟಿಗಳನ್ನು ಹಂತಹಂತವಾಗಿ ತೋರಿಸಿ ಉತ್ತರವಿತ್ತನು. ಮಿವಾರ್ಟನು ಊಹಿಸಿದ ಆಂತರಿಕ ಶಕ್ತಿ ಉಳಿಯಲಿಲ್ಲ, ಪ್ರಶ್ನೆ ಉಳಿಯಿತು. (1900ರಲ್ಲಿ ಆತನನ್ನು ಸಂಸ್ಕಾರಗಳಿಂದ ದೂರವಿಟ್ಟದ್ದು ವಿಕಾಸವಾದಕ್ಕಾಗಿ ಅಲ್ಲ, ಧರ್ಮಸಿದ್ಧಾಂತವನ್ನು ಕುರಿತ ಲೇಖನಗಳಿಗಾಗಿ.)

1991ರಲ್ಲಿ ಗೆರ್ಡ್ ಮ್ಯುಲರ್ ಮತ್ತು ಗುಂಟರ್ ವಾಗ್ನರ್ ಲಕ್ಷಣವೊಂದನ್ನು ಕೊಟ್ಟರು: ಪೂರ್ವಜರಲ್ಲಾಗಲಿ ಅದೇ ದೇಹದ ಬೇರೆಡೆಯಲ್ಲಾಗಲಿ ಸಮಮೂಲದ ಅಂಗವಿಲ್ಲದ ರಚನೆಯೇ ನವೀನ. ನಿಷೇಧಮಾರ್ಗದ ದೇವಶಾಸ್ತ್ರವನ್ನು ಓದಿದವರಿಗೆ ಈ ರೀತಿ ಪರಿಚಿತ. ‘ಇಲ್ಲ’ ಎಂಬುದರ ಮೇಲೆಯೇ ಲಕ್ಷಣ ನಿಂತಿದೆ. ಆದಕಾರಣ ಬಂಧುವೊಂದು ಪತ್ತೆಯಾದೊಡನೆ ಅದು ಕುಸಿಯುತ್ತದೆ. ಸೃಷ್ಟಿಕರ್ತನ ಕೈಯನ್ನು ಇಂಥ ಬಿರುಕುಗಳಲ್ಲಿ ಹುಡುಕುವ ಬೋಧಕನ ಮಾತಿನ ಗತಿಯೂ ಇದೇ ಎಂದು ನನ್ನ ಎಣಿಕೆ.

ಸಗಣಿಹುಳದ ಎದೆಯ ಕೊಂಬು ಬಹುಕಾಲ ನವೀನತೆಯ ಆದರ್ಶ ನಿದರ್ಶನವಾಗಿತ್ತು. 2019ರಲ್ಲಿ ಪ್ರಕಟವಾದ ಪ್ರಯೋಗಗಳು ಅದನ್ನು ರೆಕ್ಕೆಯ ಸಮಮೂಲದ ಅಂಗವೆಂದು ತೋರಿಸಿದವು. ಅದನ್ನು ಇನ್ನೂ ನವೀನವೆನ್ನಬಹುದೇ ಎಂಬ ಚರ್ಚೆ ಮುಗಿದಿಲ್ಲ.